ನಿಮ್ಮ ಲೇಖನದಲ್ಲಿ ಫ್ಯೂಸ್ ತಪ್ಪು ತುದಿಯಲ್ಲಿದೆ

ಆತ್ಮೀಯರೇ,

ಕಾರಿನ ಬ್ಯಾಟರಿಯನ್ನು ಬೋನೆಟ್ಟಿನಿಂದ ಡಿಕ್ಕಿಗೆ ಸಾಗಿಸಿದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾರೆ. ನಿಮ್ಮ ಭಾಷೆಯಲ್ಲಿ ದೋಷವಿಲ್ಲ. ಆದರೆ ನಿಮ್ಮನ್ನು ನಂಬಿ ಸ್ಪಾನರ್ ಹಿಡಿಯುವ ಓದುಗನ ಕಾರು ಹೊತ್ತಿ ಉರಿಯಬಹುದು.

ಟರ್ಬೊ ಕೂರಿಸಲು ಜಾಗ ಸಾಲದೆ ಬ್ಯಾಟರಿಯನ್ನು ಹಿಂದಕ್ಕೆ ಒಯ್ದೆ ಎಂಬ ಆರಂಭವನ್ನು ಹಾಗೆಯೇ ಇಡಿ. ಹಿಂದಿನ ಸೀಟು ಕಳಚಿ, ಅಂಗಾತ ಮಲಗಿ, ಟಾರ್ಚ್ ಹಿಡಿದು ತಂತಿಗೆ ದಾರಿ ಹುಡುಕುವ ಭಾಗವಂತೂ ಕಣ್ಣಿಗೆ ಕಟ್ಟುತ್ತದೆ. ಕೈ ಕೆಲಸ ಗೊತ್ತಿರುವವರು ಮಾತ್ರ ಹಾಗೆ ಬರೆಯಬಲ್ಲರು.

ಅಷ್ಟು ಚೆನ್ನಾಗಿ ಬರೆದವರು ಫ್ಯೂಸಿನ ವಿಷಯವನ್ನು ಕಟ್ಟಕಡೆಯ ಸಾಲಿಗೆ ತಳ್ಳಿದ್ದೀರಿ: ‘ಸೆಲ್ಫ್ ಮೋಟಾರಿನ ರಕ್ಷಣೆಗೆ ಅದರ ಪಕ್ಕದಲ್ಲಿ ಒಂದು ಫ್ಯೂಸ್ ಹಾಕಿಕೊಳ್ಳಿ.’ ಈ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಫ್ಯೂಸ್ ಕಾಯುವುದು ಮೋಟಾರನ್ನಲ್ಲ, ತಂತಿಯನ್ನು. ಅದೂ ತನ್ನಿಂದ ಮುಂದಿರುವ ತಂತಿಯನ್ನು ಮಾತ್ರ. ನೀವು ಹೇಳಿದ ಜಾಗದಲ್ಲಿ ಅದನ್ನು ಇಟ್ಟರೆ, ಡಿಕ್ಕಿಯಿಂದ ಎಂಜಿನ್‌ವರೆಗಿನ ನಾಲ್ಕೈದು ಮೀಟರ್ ತಂತಿಗೆ ಯಾವ ಕಾವಲೂ ಇರುವುದಿಲ್ಲ. ಆ ತಂತಿ ಕಾರ್ಪೆಟ್ಟಿನ ಅಡಿಯಲ್ಲಿ, ಸೀಟಿನ ಹಳಿಯ ಮಗ್ಗುಲಲ್ಲಿ ಹಾದುಹೋಗುತ್ತದೆ. ಸೀಟು ಹಿಂದೆ ಮುಂದೆ ಸರಿದು ಮೇಲಿನ ರಬ್ಬರ್ ಸವೆದು ತಾಮ್ರ ಕಾರಿನ ಬಾಡಿಯ ತಗಡಿಗೆ ತಾಗಿತೆನ್ನಿ. ಬ್ಯಾಟರಿಯ ನೆಗೆಟಿವ್ ಜೋಡಿಸಿರುವುದು ಆ ತಗಡಿಗೇ. ಕಾರಿನ ಬ್ಯಾಟರಿ ಅಂಥ ಹೊತ್ತಿನಲ್ಲಿ 1000 ಆಂಪಿಯರ್‌ಗೂ ಮೀರಿ ಸುರಿಯಬಲ್ಲದು. ತಂತಿ ಕೆಂಪಾಗಿ ಕಾದು ಕಾರ್ಪೆಟ್ಟಿಗೆ ಬೆಂಕಿ ಹತ್ತುತ್ತದೆ. ಆ ಕರೆಂಟ್ ನಿಮ್ಮ ಫ್ಯೂಸನ್ನು ಹಾಯುವುದೇ ಇಲ್ಲ, ಫ್ಯೂಸ್ ಸುಡುವುದೂ ಇಲ್ಲ. ಹುಡುಗನಾಗಿದ್ದಾಗ ಒಂದು ಗ್ಯಾರೇಜಿನಲ್ಲಿ, ಬ್ಯಾಟರಿಯ ಪಾಸಿಟಿವ್ ಬಿಚ್ಚುವಾಗ ಬಾಡಿಯ ತಗಡಿಗೆ ತಾಗಿದ ಸ್ಪಾನರಿನ ಬಾಯಿ ಕರಗಿದ್ದನ್ನು ನಾನು ಕಂಡಿದ್ದೇನೆ. ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿತ್ತು, ಅಷ್ಟೆ.

ಆದ್ದರಿಂದ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಇದನ್ನು ಮೊದಲ ಪುಟದಲ್ಲೇ, ಕಾರಣದೊಂದಿಗೆ ಬರೆಯಿರಿ. ಎಷ್ಟು ಆಂಪಿಯರ್ ಎಂಬುದನ್ನೂ ಹೇಳಿ: ಸೆಲ್ಫ್ ಎಳೆಯುವುದಕ್ಕಿಂತ ಹೆಚ್ಚು, ತಂತಿ ತಡೆದುಕೊಳ್ಳುವುದಕ್ಕಿಂತ ಕಡಿಮೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಡೈನಮೋ ಕೂಡ ಮುಂದಿನ ತುದಿಯಿಂದ ಅದೇ ತಂತಿಗೆ ಕರೆಂಟ್ ಕೊಡುತ್ತದೆ. ಆ ತುದಿಗೆ ಬೇರೆಯದೇ ಫ್ಯೂಸ್ ಬೇಕು. ನಿಮ್ಮ ಲೇಖನದಲ್ಲಿ ಡೈನಮೋದ ಹೆಸರೇ ಇಲ್ಲ.

‘ದಪ್ಪನೆಯ ತಂತಿ’ ಎಂದು ಬರೆದಿದ್ದೀರಿ. ಎಷ್ಟು ದಪ್ಪ? 16 ಚದರ ಮಿ.ಮೀ. ತಾಮ್ರದ ತಂತಿಯ 5 ಮೀಟರ್ ಉದ್ದದಲ್ಲಿ 200 ಆಂಪಿಯರ್ ಹರಿದರೆ ಸುಮಾರು 1.1 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 35 ಚದರ ಮಿ.ಮೀ. ತಂತಿಯಲ್ಲಿ ಕಳೆಯುವುದು ಅರ್ಧ ವೋಲ್ಟ್. ತಂತಿ ತೆಳುವಾದರೆ ಚಳಿಯ ಬೆಳಗಿನಲ್ಲಿ ಸೆಲ್ಫ್ ಎಳೆಯದೆ ನರಳುತ್ತದೆ. ತಾಮ್ರದ ಲೇಪವಿರುವ ಅಲ್ಯುಮಿನಿಯಂ ತಂತಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದು ಬೇಡವೆಂದು ಓದುಗನಿಗೆ ಎಚ್ಚರಿಕೆ ಕೊಡಿ.

ನೆಗೆಟಿವ್ ತಂತಿಯನ್ನು ‘ಡಿಕ್ಕಿಯ ಯಾವುದಾದರೂ ಬೋಲ್ಟಿಗೆ’ ಕಟ್ಟಿ ಎಂದದ್ದಂತೂ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿತು. ಬಣ್ಣ ಕೆರೆದು ಹೊಳೆಯುವ ತಗಡಿಗೆ, ಪಾಸಿಟಿವ್‌ನಷ್ಟೇ ದಪ್ಪದ ತಂತಿಯಿಂದ ಅರ್ತ್ ಕೊಡಬೇಕು. ಸೀಟ್ ಬೆಲ್ಟಿನ ಬೋಲ್ಟನ್ನು ಮುಟ್ಟಲೇಬಾರದು. ಮುಂದಿನ ತುದಿಯಲ್ಲೂ ಕೆಲಸವಿದೆ. ಮೊದಲು ಬ್ಯಾಟರಿಯ ನೆಗೆಟಿವ್ ನೇರವಾಗಿ ಎಂಜಿನ್ನಿಗೋ ಗೇರ್ ಬಾಕ್ಸಿಗೋ ಹೋಗುತ್ತಿದ್ದರೆ, ಈಗ ಸೆಲ್ಫಿನ ಪೂರ್ತಿ ಕರೆಂಟ್ ಎಂಜಿನ್ ಮತ್ತು ಬಾಡಿಯ ನಡುವಿನ ತೆಳ್ಳನೆಯ ಅರ್ತ್ ಪಟ್ಟಿಯ ಮೂಲಕ ಹಿಂದಿರುಗಬೇಕು. ಆ ಪಟ್ಟಿ ಸೋತರೆ ಕರೆಂಟ್ ಕ್ಲಚ್ ಕೇಬಲ್ಲನ್ನೋ ಗೇರ್ ಕೇಬಲ್ಲನ್ನೋ ದಾರಿ ಮಾಡಿಕೊಂಡು ಅದನ್ನು ಸುಡುತ್ತದೆ. ಪಟ್ಟಿ ಬದಲಿಸಿದ್ದೀರಾ? ಬದಲಿಸಿದ್ದರೆ ಅದಕ್ಕೊಂದು ಪ್ಯಾರಾ ಕೊಡಿ.

‘ಬಿಎಂಡಬ್ಲ್ಯು ಕೂಡ ಹಿಂದೆಯೇ ಇಡುತ್ತದೆ’ ಎಂಬ ನಿಮ್ಮ ವಾದ ಅರ್ಧ ಸತ್ಯ. ಅವರ ಇ46 ಕಾರಿನಲ್ಲಿ ಪಾಸಿಟಿವ್ ಟರ್ಮಿನಲ್ಲಿನೊಳಗೆ ಒಂದು ಪುಟ್ಟ ಸಿಡಿಮದ್ದು ಇರುತ್ತದೆ. ಅಪಘಾತವಾದರೆ ಅದು ಸಿಡಿದು ಸೆಲ್ಫಿನ ತಂತಿಯನ್ನು ಬ್ಯಾಟರಿಯಿಂದ ಬೇರ್ಪಡಿಸುತ್ತದೆ. 1989ರ ಮಜ್ದಾ ಎಂಎಕ್ಸ್-5 ಕಾರಿನ ಡಿಕ್ಕಿಯ ಬ್ಯಾಟರಿಗೆ ಅನಿಲ ಹೊರಹೋಗಲು ಕೊಳವೆಗಳಿವೆ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4ರಷ್ಟಾದರೆ ಒಂದು ಕಿಡಿ ಸಾಕು. ಮಾದರಿ ಎಂದು ಕಂಪನಿಯ ಹೆಸರು ಹೇಳುವುದಾದರೆ ಅದು ಮಾಡಿದ್ದನ್ನು ಪೂರ್ತಿ ಹೇಳಬೇಕು.

ತಂತಿ ಹಾಯುವ ತೂತಿಗೆ ಹಾಕುವ ರಬ್ಬರ್ ಗ್ರೋಮೆಟ್, ತಂತಿಯ ತುದಿಗೆ ಕೂರಿಸುವ ಲಗ್, ಬ್ಯಾಟರಿ ಅಲುಗದಂತೆ ಬಿಗಿಯುವ ಪಟ್ಟಿ, ಇವುಗಳ ಬಗ್ಗೆ ಬರೆದದ್ದು ಸರಿಯಾಗಿದೆ.

ಮತ್ತೆ ಬರೆಯುವ ಮುನ್ನ ಬ್ಯಾಟರಿಯ ಪಕ್ಕದ ಫ್ಯೂಸ್ ಹಾಕಿ. ಆಮೇಲೆ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆಯುತ್ತದೆಂದು ತಿಳಿಯಲು, ವೋಲ್ಟ್ ಅಳತೆಗೆ ಇಟ್ಟ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಉದ್ದನೆಯ ತಂತಿ ಜೋಡಿಸಿ ಸೆಲ್ಫಿನ ಪಾಸಿಟಿವ್ ಬೋಲ್ಟಿಗೆ ಹಿಡಿದು, ಮನೆಯವರಿಂದ ಕೀಲಿ ತಿರುಗಿಸಿ ನೋಡಿ. ನೆಗೆಟಿವ್ ಕಡೆಯಲ್ಲೂ ಹಾಗೆಯೇ ಅಳೆಯಿರಿ. ಆ ಎರಡು ಅಂಕಿಗಳನ್ನು ಲೇಖನದಲ್ಲಿ ಸೇರಿಸಿ ಕಳುಹಿಸಿದರೆ ಮುಂದಿನ ಸಂಚಿಕೆಗೆ ಪರಿಗಣಿಸುತ್ತೇನೆ. ಅಲ್ಲಿಯವರೆಗೆ ಆ ಕಾರನ್ನು ಮನೆಯೊಳಗಿನ ಶೆಡ್ಡಿನಲ್ಲಿ ನಿಲ್ಲಿಸಬೇಡಿ.

ನಿಮ್ಮ,
ಸಂಪಾದಕ