ಟ್ರೈಬ್ಯುಟಿರಿನ್ ಪ್ಲೇಟ್‌ನ ವಲಯ ನೋಡಿ ಲೈಪೇಸ್ ಎನ್ನಬಹುದೇ?

ಎಣ್ಣೆ ಗಿರಣಿಯ ತ್ಯಾಜ್ಯನೀರಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಟ್ರೈಬ್ಯುಟಿರಿನ್ ಎಂಬ ಕೊಬ್ಬು ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ತಿಳಿ ವಲಯ ಕೊಟ್ಟಿದೆ, ಲೈಪೇಸ್ (ಉದ್ದ ಸರಪಳಿಯ ಕೊಬ್ಬನ್ನೂ ಒಡೆಯುವ ಕಿಣ್ವ) ಸಿಕ್ಕಿತು ಅಂತ ಬರೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ಅಷ್ಟು ಬೇಗ ಬೇಡ. ಟ್ರೈಬ್ಯುಟಿರಿನ್‌ನ ಕೊಬ್ಬಿನಾಮ್ಲ ಬರೀ 4 ಇಂಗಾಲದ್ದು, ಮುಖ್ಯವಾಗಿ ಚಿಕ್ಕ ಸರಪಳಿಗಳನ್ನು ಒಡೆಯುವ ಸಾಧಾರಣ ಎಸ್ಟರೇಸ್ ಕಿಣ್ವ ಕೂಡ ಅದನ್ನು ಸಲೀಸಾಗಿ ಒಡೆಯುತ್ತದೆ.

ಅದೇ ತಳಿಯನ್ನು ಆಲಿವ್ ಎಣ್ಣೆ, ರೋಡಮೈನ್ ಬಿ ಎಂಬ ಬಣ್ಣ ಬೆರೆಸಿದ ಅಗರ್ ಮೇಲೆ ಬೆಳೆಸಿ, 350 ನ್ಯಾನೋಮೀಟರ್ ಅತಿನೇರಳೆ ಬೆಳಕಿನಡಿ ನೋಡಿ. ಕಾಲೊನಿಯ ಸುತ್ತ ಕಿತ್ತಳೆ ಹೊಳಪು ಬಂದರೆ ಉದ್ದ ಸರಪಳಿಯ ಕೊಬ್ಬು ಒಡೆಯುತ್ತಿದೆ ಎಂದರ್ಥ. ವಲಯ ದೊಡ್ಡದಿದ್ದಷ್ಟೂ ಕಿಣ್ವ ಹೆಚ್ಚು ಅಂತ ಮಾತ್ರ ನಂಬಬೇಡಿ. ಕಿಣ್ವ ಅಗರ್‌ನಲ್ಲಿ ಎಷ್ಟು ಬೇಗ ಹರಡುತ್ತದೆ ಎನ್ನುವುದೂ ಅದರಲ್ಲಿ ಸೇರಿರುತ್ತದೆ.

ಪ್ರಮಾಣ ಬೇಕಿದ್ದರೆ ದ್ರವ ಮಾಧ್ಯಮದಲ್ಲಿ ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲೆ ನಿಲ್ಲುವ ತಿಳಿ ದ್ರವಕ್ಕೆ ಪಿಎನ್‌ಪಿ ಪಾಲ್ಮಿಟೇಟ್ (ಒಡೆದಾಗ ಹಳದಿ ಬಣ್ಣ ಕೊಡುವ ಉದ್ದ ಸರಪಳಿಯ ಎಸ್ಟರ್) ಹಾಕಿ, ಮೂಡುವ ಹಳದಿಯನ್ನು 410 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ತಿಳಿಯ ಬದಲು ಬರೀ ಬಫರ್‌ಗೆ ಅದೇ ಎಸ್ಟರ್ ಹಾಕಿದ ಬ್ಲ್ಯಾಂಕ್ (ಹೋಲಿಕೆಯ ನಳಿಕೆ) ಇರಲೇಬೇಕು. ಕ್ಷಾರೀಯ ಪಿಎಚ್‌ನಲ್ಲಿ ಪಿಎನ್‌ಪಿ ಪಾಲ್ಮಿಟೇಟ್ ಕಿಣ್ವವಿಲ್ಲದೆಯೂ ತಾನಾಗಿಯೇ ಒಡೆಯುತ್ತದೆ. ಕುದಿಸಿದ ತಿಳಿಯನ್ನೂ ಪಕ್ಕದಲ್ಲಿಡಿ, ಕುದಿಸಿದರೆ ಸಾಮಾನ್ಯವಾಗಿ ಕಿಣ್ವ ಕೆಲಸ ನಿಲ್ಲಿಸುತ್ತದೆ. (ಕುದಿಸಿದ ಮೇಲೂ ಬ್ಲ್ಯಾಂಕ್‌ಗಿಂತ ಹೆಚ್ಚು ಹಳದಿ ಬಂದರೆ ಬೇಜಾರಾಗಬೇಡಿ, ಶಾಖ ತಡೆಯುವ ಕಿಣ್ವವೇ ಸಿಕ್ಕಿರಬಹುದು!) ತಿಳಿಯಲ್ಲಿ ಏನೂ ಕಾಣದಿದ್ದರೆ ತಳದ ಜೀವಕೋಶಗಳನ್ನು ಚೆಲ್ಲಬೇಡಿ. ಕೆಲವು ತಳಿಗಳಲ್ಲಿ ಲೈಪೇಸ್ ಕೋಶಕ್ಕೇ ಅಂಟಿಕೊಂಡಿರುತ್ತದೆ.