ಬಸುರಿಯ ತೂಕ, ಕೂಸಿನ ಸಕ್ಕರೆ

ಪ್ರಶ್ನೆ: ನನಗೆ 29 ವರ್ಷ. ಎರಡನೆಯ ಬಸುರು, ಹತ್ತು ವಾರವಾಯಿತು. ಎತ್ತರ 155 ಸೆಂಟಿಮೀಟರ್, ಬಸುರಾಗುವ ಮೊದಲೇ ತೂಕ 78 ಕಿಲೋ. ಮೊದಲ ಮಗ ಹುಟ್ಟುವಾಗ 4.1 ಕಿಲೋ ಇದ್ದ. ಕೆಲವೇ ಗಂಟೆಗಳಲ್ಲಿ ಸಕ್ಕರೆ ಇಳಿಯಿತೆಂದು ಎರಡು ದಿನ ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಆಗ ಕೊಟ್ಟ ಸೂಚನೆಯ ಕಾಗದ ಮಲಯಾಳದಲ್ಲಿದೆ, ನನಗೆ ಓದಲು ಬಾರದು. ಅತ್ತೆ ಇಬ್ಬರ ಪಾಲು ಉಣ್ಣು ಎನ್ನುತ್ತಾರೆ. ನಾನು ಹೆದರಿ ರಾತ್ರಿಯೂಟ ಬಿಟ್ಟಿದ್ದೇನೆ. ಮಗನಿಗೆ ಹಾಗಾದದ್ದು ನನ್ನ ತೂಕದಿಂದಲೇ?
– ಓದುಗಿ, ಪೆರ್ಲ, ಕಾಸರಗೋಡು

ಉತ್ತರ: ಮೊದಲು ಇವತ್ತು ರಾತ್ರಿ ಊಟ ಮಾಡಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಎಂಬ ಅಳತೆ, 32 ದಾಟಿದೆ. ನಮ್ಮ ದೇಶದವರಿಗೆ 25 ಆದರೇ ಬೊಜ್ಜು ಎಂದು ಲೆಕ್ಕ. ತೂಕ ಹೆಚ್ಚಿದ್ದವರಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಮಗನ ವಿಷಯದಲ್ಲಿ ನನ್ನ ಗುಮಾನಿಯೂ ಅದರ ಮೇಲೆಯೇ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಕೂಸಿಗೆ ಹೋಗುತ್ತದೆ, ಇನ್ಸುಲಿನ್ ಹೋಗುವುದಿಲ್ಲ. ಕೂಸು ತಾನೇ ಇನ್ಸುಲಿನ್ ಹೆಚ್ಚಿಸಿಕೊಂಡು ಆ ಸಕ್ಕರೆಯನ್ನೆಲ್ಲ ಕೊಬ್ಬು ಮಾಡಿ ಮೈತುಂಬಿಕೊಳ್ಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆ ಬರುವುದು ನಿಂತಿತು, ಇನ್ಸುಲಿನ್ ಮಾತ್ರ ಉಳಿದಿದೆ. ಆಗಲೇ ಕುಸಿತ. ಗುಂಡುಗುಂಡಾಗಿದೆ ಎಂದು ಮನೆಯವರು ಹಿಗ್ಗುತ್ತಿರುವಾಗ ನಾವು ಅದರ ಹಿಮ್ಮಡಿ ಚುಚ್ಚಿ ರಕ್ತ ನೋಡುತ್ತಿರುತ್ತೇವೆ. ದಪ್ಪ ಕೂಸಿನ ಭುಜ ಹೆರಿಗೆಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಇಷ್ಟು ವರ್ಷಗಳ ಮೇಲೂ ನನಗೆ ಭಯ ಅದರದೇ.

ಈ ವಾರವೇ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ಮೇಲೆ ರಕ್ತ ಪರೀಕ್ಷೆ ಮಾಡಿಸಿ. 140 ಮುಟ್ಟಿದರೆ ಚಿಕಿತ್ಸೆ ಬೇಕು. ಮುಟ್ಟದಿದ್ದರೆ 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ.

ಬಸುರಿನಲ್ಲಿ ತೂಕ ಇಳಿಸಲು ಹೊರಡಬಾರದು. ಹೊಟ್ಟೆಗಿಲ್ಲದ ತಾಯಿಗೆ ಎರಡೂವರೆ ಕಿಲೋ ಕೂಡ ತೂಗದ ಕೂಸು ಹುಟ್ಟೀತು. ಅದಕ್ಕೆ ಹಾಲು ಎಳೆಯುವ ತ್ರಾಣವೂ ಇರಲಿಕ್ಕಿಲ್ಲ. ನಿಮಗೆ ಒಟ್ಟು 5ರಿಂದ 9 ಕಿಲೋ ಏರಿದರೆ ಸಾಕು. ಕುಚ್ಚಲಕ್ಕಿ ಗಂಜಿ ಇರಲಿ, ಎರಡನೆಯ ಬಟ್ಟಲು ಬೇಡ. ಬದಲಿಗೆ ಹೆಸರುಕಾಳು, ಬಸಳೆ, ತಿನ್ನುವವರಾದರೆ ಬಂಗುಡೆ ಸಾರು. ಹಲಸಿನ ಹಣ್ಣು ಮುಟ್ಟಲೇಬೇಡಿ ಎಂದು ಹೇಳಲು ಮನಸ್ಸು ಬಾರದು, ನಾನೂ ಆ ಕಡೆಯವಳೇ. ಪರೀಕ್ಷೆಯ ಫಲಿತಾಂಶ ಬರುವ ತನಕ ತಡೆಯಿರಿ.

ಪರೀಕ್ಷೆಗೆ ಅತ್ತೆಯವರನ್ನೂ ಕರೆದೊಯ್ಯಿರಿ, ಇಬ್ಬರ ಪಾಲಿನ ಮಾತನ್ನು ಡಾಕ್ಟರೇ ಅವರಿಗೆ ತಿಳಿಸಲಿ. ಆ ಮಲಯಾಳದ ಕಾಗದ ಇನ್ನೂ ಇದ್ದರೆ ಅದೂ ಕೈಯಲ್ಲಿರಲಿ.