ಮೊಣಕೈ ಎತ್ತಿ ಹಿಡಿಯಬೇಕೋ, ಇಳಿಬಿಡಬೇಕೋ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಅವ್ವನಿಗೆ 63 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಬಲ ರಟ್ಟೆಯ ಎಲುಬು ನಟ್ಟನಡುವೆ ಮುರಿದಿದೆ. ಆಪರೇಷನ್ ಬೇಡ ಎಂದ ಡಾಕ್ಟರು ರಟ್ಟೆಗೆ ಪಟ್ಟಿ ಕಟ್ಟಿ, ಮಣಿಕಟ್ಟಿಗೆ ಒಂದು ಸುತ್ತು ಹಾಕಿ ಕೊರಳಿಗೆ ತೂಗುಬಿಟ್ಟಿದ್ದಾರೆ. ಮೊಣಕೈಗೆ ಏನೂ ಆಸರೆಯಿಲ್ಲ. ನೋಡಲು ಬಂದವರೆಲ್ಲ 'ಕೈ ಜೋತಾಡಾಕತ್ತೈತಿ' ಅಂದರು. ಹಾಗಾಗಿ ಮೆಡಿಕಲ್‌ನಿಂದ ಚೀಲದಂಥ ಸ್ಲಿಂಗ್ ತಂದು ಹಾಕಿದೆವು. ಎರಡು ದಿನದಿಂದ ನೋವು ಜಾಸ್ತಿಯಾಗಿದೆ. ಯಾವುದು ಸರಿ?
– ಓದುಗರು, ಸಿಂಧನೂರು

ಉತ್ತರ: ಡಾಕ್ಟರು ಹಾಕಿದ್ದೇ ಸರಿ. ಚೀಲವನ್ನು ಇವತ್ತೇ ತೆಗೆಯಿರಿ.

ರಟ್ಟೆಯ ಎಲುಬು ನಡುವೆ ಮುರಿದಾಗ ಕೈಯ ಭಾರವೇ ಔಷಧ. ಮೊಣಕೈ ಕೆಳಗೆ ಜಗ್ಗುತ್ತಿದ್ದರೆ ಮುರಿದ ಎರಡೂ ತುಂಡು ಒಂದೇ ಸಾಲಿಗೆ ಬರುತ್ತವೆ. ಚೀಲ ಹಾಕಿದರೆ ಅದು ಮೊಣಕೈಯನ್ನು ಮೇಲಕ್ಕೆ ಎತ್ತುತ್ತದೆ, ಕೆಳಗಿನ ತುಂಡು ಮೇಲಿನದಕ್ಕೆ ಒತ್ತುತ್ತದೆ, ಎಲುಬು ಸೊಟ್ಟಾಗುತ್ತದೆ. ಜೋತಾಡುವಂತೆ ಕಾಣುವುದು ನಿರ್ಲಕ್ಷ್ಯವಲ್ಲ, ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ.

ಬದಲಿಸುವಾಗ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, ತುಸು ಮುಂದಕ್ಕೆ ಬಾಗಿಸಿ. ಒಬ್ಬರು ಮಣಿಕಟ್ಟು ಹಿಡಿದುಕೊಂಡೇ ಇರಬೇಕು, ಇನ್ನೊಬ್ಬರು ಪಟ್ಟಿ ಹಾಕಬೇಕು. ಮಣಿಕಟ್ಟಿನ ಸುತ್ತಿನೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಕೊರಳಪಟ್ಟಿಯ ಉದ್ದವನ್ನು ನೀವಾಗಿ ಬದಲಿಸಬೇಡಿ. ಕೈ ಎಷ್ಟು ಎತ್ತರದಲ್ಲಿ ನಿಂತಿದೆ ಎನ್ನುವುದರ ಮೇಲೆ ಎಲುಬಿನ ಓರೆ ನಿಂತಿರುತ್ತದೆ. ಡಾಕ್ಟರು ಸರಿ ಎಂದ ದಿನ ಗಂಟು ಇರುವಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದಿಡಿ. ಸ್ನಾನ ಮಾಡಿಸಿ ಮತ್ತೆ ಕಟ್ಟುವಾಗ ಆ ಗೆರೆಗೇ ಕಟ್ಟಿ.

ರಾತ್ರಿ ಅಂಗಾತ ಮಲಗಿಸಬೇಡಿ. ಬೆನ್ನಿಗೆ ಮೂರು ನಾಲ್ಕು ದಿಂಬು ಇಟ್ಟು ಒರಗಿ ಕೂತಂತೆ ಮಲಗಲಿ. ಮೊಣಕೈ ಕೆಳಗೆ ಮಾತ್ರ ದಿಂಬು ಬೇಡ, ಅದೂ ಚೀಲದ ಕೆಲಸವನ್ನೇ ಮಾಡುತ್ತದೆ.

ಒಂದು ಪರೀಕ್ಷೆಯನ್ನು ದಿನವೂ ಮಾಡಿ. ಅಂಗೈ ಕೆಳಮುಖವಾಗಿಟ್ಟು ಮಣಿಕಟ್ಟನ್ನೂ ಹೆಬ್ಬೆರಳನ್ನೂ ಮೇಲಕ್ಕೆ ಎತ್ತಲು ಹೇಳಿ. ಎತ್ತಲಾಗದೆ ಕೈ ಜೋಲುಬಿದ್ದರೆ, ರಟ್ಟೆಯ ಎಲುಬಿಗೆ ಅಂಟಿಕೊಂಡೇ ಹಾದುಹೋಗುವ ನರಕ್ಕೆ ಪೆಟ್ಟಾಗಿದೆ ಎಂದು ತಿಳಿದು ಅಂದೇ ತೋರಿಸಿ. ನೋವು ಹೆಚ್ಚಿದೆ ಎಂದು ಬರೆದಿದ್ದೀರಿ. ಆದ್ದರಿಂದ ಕೈ ಎತ್ತಲು ಬಂದರೂ ಮತ್ತೊಂದು ಎಕ್ಸ್‌ರೇ ಆಗಲೇಬೇಕು. ಊರಲ್ಲಿ ಎಲುಬಿನ ಡಾಕ್ಟರು ಸಿಗದಿದ್ದರೆ ರಾಯಚೂರಿನ ರಿಮ್ಸ್‌ಗೆ ಹೋಗಿ. ದಯವಿಟ್ಟು ಬಿದಿರುಕಡ್ಡಿ ಇಟ್ಟು ಬಿಗಿದು ಕಟ್ಟುವವರ ಕಡೆ ಹೋಗಬೇಡಿ. ಬಾವಿನ ಮೇಲೆ ಬಿಗಿದ ಕಟ್ಟು ರಕ್ತ ಓಡಾಟವನ್ನೇ ತಡೆದು ಕೈಯನ್ನೇ ಕಳೆಯಬಹುದು.

ಪ್ರಶ್ನೆ: ಯಜಮಾನರು ಬೈಕಿನಿಂದ ಬಿದ್ದು ಎಡಗಡೆಯ ಕಾಲರ್ ಬೋನ್ ಮುರಿದಿದೆ. ಸ್ಲಿಂಗ್ ಹಾಕಿ ವಾರವಾಯಿತು. ಹಸ್ತ ಊದಿಕೊಂಡಿದೆ, ಕುತ್ತಿಗೆ ನೋವು ಬೇರೆ. ನಾವು ತಂದ ಸೈಜ್ ತಪ್ಪೇ?
– ಓದುಗರು, ಗಂಗಾವತಿ

ಉತ್ತರ: ಇವರದು ಮೇಲಿನದಕ್ಕೆ ಪೂರಾ ಉಲ್ಟಾ. ಕಾಲರ್ ಬೋನ್ ಮುರಿದಾಗ ಇಡೀ ಕೈಯ ಭಾರ ಆ ಎಲುಬನ್ನು ಕೆಳಗೆ ಜಗ್ಗುತ್ತದೆ. ಹಾಗಾಗಿ ಇಲ್ಲಿ ಮೊಣಕೈಗೆ ಆಸರೆ ಬೇಕೇ ಬೇಕು, ಚೀಲವೇ ಸರಿ.

ಸೈಜ್ ತಪ್ಪಿರುವ ಹಾಗೇ ಕಾಣುತ್ತದೆ. ಮೊಣಕೈ ಮಡಿಸಿ, ಅದರ ತುದಿಯಿಂದ ಕಿರುಬೆರಳಿನ ಬುಡದ ಗೆಣ್ಣಿನವರೆಗೆ ಟೇಪಿನಲ್ಲಿ ಅಳೆಯಿರಿ. ಮೀಡಿಯಂ, ಲಾರ್ಜ್ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಸೆಂಟಿಮೀಟರ್ ನೋಡಿ ಕೊಳ್ಳಿ. ಚೀಲ ಗಿಡ್ಡವಾಗಿದ್ದರೆ ಅಂಚು ಮಣಿಕಟ್ಟಿಗೇ ನಿಂತು ಹಸ್ತ ಕೆಳಗೆ ಜೋಲುತ್ತದೆ. ಊದುವುದು ಬಹುಮಟ್ಟಿಗೆ ಅದಕ್ಕೇ. ತೀರಾ ಉದ್ದವಾಗಿದ್ದರೆ ಬೆರಳು ಒಳಗೆ ಮುಚ್ಚಿಹೋಗಿ ಬಣ್ಣ ಕಾಣುವುದಿಲ್ಲ.

ಹಾಕುವಾಗ ಮೊದಲು ಮೊಣಕೈಯನ್ನು ಚೀಲದ ಮೂಲೆಗೆ ಪೂರ್ತಿ ತಳ್ಳಿ, ಆಮೇಲೆ ಪಟ್ಟಿ ಬಿಗಿಯಿರಿ. ಹಸ್ತ ಮೊಣಕೈಗಿಂತ ಎರಡು ಮೂರು ಬೆರಳಷ್ಟು ಮೇಲಿರಲಿ. ಹೆಬ್ಬೆರಳಿಗೆ ಕುಣಿಕೆ ಇದ್ದರೆ ಹಾಕಿ, ಕೈ ಹಿಂದಕ್ಕೆ ಜಾರುವುದಿಲ್ಲ. ಗಂಟೆಗೊಮ್ಮೆ ಮುಷ್ಟಿ ಬಿಗಿದು ಬಿಡುವುದು, 10 ಸಲ. ಉಂಗುರ ಇನ್ನೂ ಬೆರಳಲ್ಲಿದ್ದರೆ ಸೋಪು ನೀರು ಹಚ್ಚಿ ತೆಗೆಯಿರಿ, ಜಾರದಿದ್ದರೆ ಅಕ್ಕಸಾಲಿಗರಲ್ಲಿ ಕತ್ತರಿಸಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಹಾಗಾಗದೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕುತ್ತಿಗೆ ನೋವಿಗೆ ಕಾರಣ ಪಟ್ಟಿ ಕತ್ತಿನ ಹುರಿಯ ಮೇಲೇ ಕೂರುವುದು. ಮೆತ್ತೆಯಿರುವ ಭಾಗವನ್ನು ಪೆಟ್ಟಾಗದ ಬಲಗಡೆಯ ಹೆಗಲಿನ ಮೇಲೆ ಹರಡಿ ಕೂರಿಸಿ. ಟವೆಲನ್ನು ಹಗ್ಗದಂತೆ ಹೊಸೆದು ಕಟ್ಟುವುದು ನಮ್ಮಲ್ಲಿ ರೂಢಿ, ಅದು ಕುತ್ತಿಗೆಯನ್ನು ಕೊರೆಯುತ್ತದೆ. ಕೊಂಡ ಚೀಲ ಹೊಂದದಿದ್ದರೆ ಒಂದು ಮೀಟರ್ ಚೌಕದ ಕಾಟನ್ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಎರಡು ಸ್ಲಿಂಗ್ ಆಗುತ್ತವೆ. ಅಂಗಿ ತೊಡಿಸುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಕೊನೆಗೆ.

ಪ್ರಶ್ನೆ: ಜೀನ್ಸ್ ಹೊಲಿಯುವ ಕೆಲಸ ನನ್ನದು. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಇತ್ತು. ಅಷ್ಟೂ ದಿನ ಸ್ಲಿಂಗ್ ತೆಗೆಯಲಿಲ್ಲ. ಈಗ ಮಣಿಕಟ್ಟು ಪರವಾಗಿಲ್ಲ, ಭುಜವೇ ಮೇಲೆ ಏಳುತ್ತಿಲ್ಲ!
– ಓದುಗರು, ಬಳ್ಳಾರಿ

ಉತ್ತರ: ಮಣಿಕಟ್ಟಿನ ಪ್ಲಾಸ್ಟರಿಗೆ ಸ್ಲಿಂಗ್ ಬೇಕಾಗುವುದು ಸಾಮಾನ್ಯವಾಗಿ ಬಾವು ಇಳಿಯುವ ಮೊದಲ ಕೆಲವು ದಿನ ಮಾತ್ರ. ಅದನ್ನು ಯಾರೂ ನಿಮಗೆ ಬಿಡಿಸಿ ಹೇಳದಿದ್ದುದು ಬೇಸರದ ಸಂಗತಿ. ಏಕೆಂದರೆ ಸುಮ್ಮನೆ ಎದೆಗೆ ಅಂಟಿಕೊಂಡಿದ್ದ ಭುಜ ಬಿಗಿದುಕೊಳ್ಳುತ್ತದೆ, 40 ದಾಟಿದವರಲ್ಲಿ ಇನ್ನೂ ಬೇಗ.

ಮೇಜಿಗೆ ಒಳ್ಳೆಯ ಕೈ ಊರಿ ಮುಂದಕ್ಕೆ ಬಾಗಿ, ಬಿಗಿದ ಕೈಯನ್ನು ಸಡಿಲಬಿಟ್ಟು ಲೋಲಕದಂತೆ ಹಿಂದೆ ಮುಂದೆ, ಆಮೇಲೆ ವೃತ್ತಾಕಾರವಾಗಿ ತೂಗಿ. ನಂತರ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಿ, ಎಲ್ಲಿವರೆಗೆ ಹೋಯಿತೋ ಅಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ತಲಾ 10 ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ಎಳೆತ ಇರಲಿ, ಚುಚ್ಚುವ ನೋವು ಬಂದರೆ ನಿಲ್ಲಿಸಿ. ಎರಡು ವಾರದಲ್ಲಿ ಗೆರೆ ಮೇಲೇರದಿದ್ದರೆ ಫಿಸಿಯೋಥೆರಪಿಗೆ ಹೋಗಿ. ಹಸ್ತ ಮಿರುಗುತ್ತಾ ಉರಿಯುತ್ತಿದ್ದರೆ ಮಾತ್ರ ಎರಡು ವಾರ ಕಾಯಬೇಡಿ.

ಪ್ರಶ್ನೆ: ಈ ಬಿಸಿಲಲ್ಲಿ ಸ್ಲಿಂಗ್ ಒಳಗೆ ಬೆವರುಸಾಲೆ ಎದ್ದಿದೆ.
– ಓದುಗರು, ರಾಯಚೂರು

ಉತ್ತರ: 40 ಡಿಗ್ರಿ ದಾಟುವ ಊರಲ್ಲಿ ಒಂದೇ ಸ್ಲಿಂಗ್ ಸಾಲದು, ಎರಡು ಇಟ್ಟುಕೊಳ್ಳಿ. ಜಾಲರಿ ಬಟ್ಟೆಯದು ಸಿಕ್ಕರೆ ಒಳ್ಳೆಯದು. ಕಂಕುಳಲ್ಲಿ ಹಳೆಯ ಕಾಟನ್ ಬನಿಯನ್ನಿನ ತುಂಡು ಮಡಿಸಿಟ್ಟು, ಒದ್ದೆಯಾದಾಗೆಲ್ಲ ಬದಲಿಸಿ. ಪೌಡರ್ ಸುರಿಯಬೇಡಿ, ಬೆವರಿಗೆ ಉಂಡೆಗಟ್ಟಿ ಚರ್ಮ ಉಜ್ಜುತ್ತದೆ. ಒಗೆಯುವ ಮುಂಚೆ ವೆಲ್ಕ್ರೋ ಅಂಟಿಸಿಡಿ, ಇಲ್ಲದಿದ್ದರೆ ಅದರ ಮುಳ್ಳಿಗೆ ದಾರ ತುಂಬಿ ಹಿಡಿತ ಹೋಗುತ್ತದೆ.